ಭಟ್ಟೋತ್ಪಲನ ಕೈಗೆ ಸಿಗದ ಹೊತ್ತಗೆ

ಹೆಣ್ಣಿನ ಕಡೆಯವರು ತಂದ ಜಾತಕವನ್ನು ಜೋಯಿಸರು ಚಾಪೆಯ ಮೇಲೆ ಹರಡುತ್ತಾರೆ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಕಾಗದ, ಮಡಿಸಿ ಮಡಿಸಿ ಮಡಿಕೆಯಲ್ಲೇ ಸವೆದಿದೆ. ನಡುವೆ ಹನ್ನೆರಡು ಮನೆಯ ಚೌಕ. ಮನೆಗಳೊಳಗೆ ರ, ಚಂ, ಕು, ಬು ಎಂಬ ಒಂಟಿ ಅಕ್ಷರಗಳು. ಕೆಳಗೆ, ಜನನಕಾಲದ ಶಿಷ್ಟದಶೆ ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಎಂದು ಒಂದು ಸಾಲು. “ನೋಡೀಮ್ಮ, ಈಗ ರಾಹುದೆಸೆಯ ಕೊನೆಯಲ್ಲಿದೀರಿ. ಗುರುದೆಸೆ ಹೊಕ್ಕ ಮೇಲೆ ಮಾತು ಮುಂದುವರಿಸೋಣ” ಎಂದು ಅವರು ಹೇಳಿದರೆ ಚಾಪೆಯ ಸುತ್ತ ಕೂತವರು ತಲೆಯಾಡಿಸುತ್ತಾರೆ. ರಾಹುವಿಗೆ ಹದಿನೆಂಟೇ ವರ್ಷ ಏಕೆ, ಗುರುವಿಗೆ ಹದಿನಾರೇ ಏಕೆ ಎಂದು ಯಾರೂ ಕೇಳುವುದಿಲ್ಲ. ಜಾತಕದ ಗೊಡವೆಗೇ ಹೋಗದವರು ಕೂಡ ಪಕ್ಕದ ಮನೆಯವನು ಹೊಸ ಕಾರು ಕೊಂಡಾಗ ‘ಅವನಿಗೀಗ ಶುಕ್ರದೆಸೆ’ ಎನ್ನುತ್ತಾರೆ. ಯಾರಾದರೂ ಪಟ್ಟು ಹಿಡಿದು ಕೇಳಿದರೆ ಸಿಗುವ ಉತ್ತರ ಒಂದೇ: ಪರಾಶರರು ಹಾಗೆ ಹೇಳಿದ್ದಾರೆ.

ಪರಾಶರರು ಹೇಳಿದ್ದಾರೆ ಎನ್ನಲಾಗುವ ಪುಸ್ತಕದ ಹೆಸರು ‘ಬೃಹತ್ ಪಾರಾಶರ ಹೋರಾಶಾಸ್ತ್ರ’. ಭಾರತೀಯ ಫಲಜ್ಯೋತಿಷದ ಮೂಲಗ್ರಂಥ, ವೇದಕಾಲದ ಋಷಿಯೊಬ್ಬರ ಉಪದೇಶ ಎಂಬುದು ಅದರ ಬಗ್ಗೆ ಇರುವ ಸಾಮಾನ್ಯ ತಿಳಿವಳಿಕೆ. ಈ ಮಾತಿನ ಮೊದಲರ್ಧವನ್ನು ಒಪ್ಪಬಹುದು. ಇಂದಿನ ಜೋಯಿಸರ ಕಸುಬು ನಿಂತಿರುವುದು ಇದರ ಮೇಲೆಯೇ. ಎರಡನೆಯ ಅರ್ಧಕ್ಕೆ ಪುಸ್ತಕದ ಒಳಗಿನ ಸಾಕ್ಷ್ಯವೇ ಒಪ್ಪುವುದಿಲ್ಲ. ಮನೆ ಕಟ್ಟಿ ಎಷ್ಟೋ ಕಾಲದ ಮೇಲೆ ಅದರ ಅಡಿಗೆ ಹಾಕಿದ ತಳಪಾಯ ಇದು ಎಂದೇ ಆ ಸಾಕ್ಷ್ಯ ಹೇಳುತ್ತದೆ.

ಒಳಗೆ ಏನಿದೆ?

ಮೈತ್ರೇಯ ಕೇಳುತ್ತಾನೆ, ಪರಾಶರರು ಹೇಳುತ್ತಾರೆ. ಸೃಷ್ಟಿಯ ಕಥೆಯಿಂದ ಆರಂಭವಾಗುವ ಸಂವಾದ ಗ್ರಹಗಳ ಗುಣ, ರಾಶಿಗಳ ಸ್ವರೂಪ, ಹನ್ನೆರಡು ಭಾವಗಳ ಫಲ, ರಾಶಿಯನ್ನು ಹದಿನಾರು ಬಗೆಯಲ್ಲಿ ಹೋಳು ಮಾಡುವ ಷೋಡಶವರ್ಗ, ಯೋಗಗಳು, ಅಷ್ಟಕವರ್ಗ ಎಂದು ಬೆಳೆಯುತ್ತ, ಅಮಾವಾಸ್ಯೆಯಂದೋ ಮೂಲಾ ನಕ್ಷತ್ರದಲ್ಲೋ ಹುಟ್ಟಿದ ಮಗುವಿಗೆ ಮಾಡಿಸಬೇಕಾದ ಶಾಂತಿಯವರೆಗೆ ಬರುತ್ತದೆ. ಇಷ್ಟರ ನಡುವೆ ನಮ್ಮ ಆಡುಮಾತಿನೊಳಕ್ಕೇ ನುಗ್ಗಿದ ಭಾಗವೆಂದರೆ ದಶೆಗಳದು, ಅದರಲ್ಲೂ ವಿಂಶೋತ್ತರಿ ದಶೆಯದು. ಮನುಷ್ಯನ ಪೂರ್ಣಾಯುಸ್ಸು 120 ವರ್ಷವೆಂದು ಹಿಡಿದು ಅದನ್ನು ಒಂಬತ್ತು ಗ್ರಹಗಳಿಗೆ ಹಂಚಿದ ಲೆಕ್ಕ ಅದು. ರವಿಗೆ 6, ಚಂದ್ರನಿಗೆ 10, ಕುಜನಿಗೆ 7, ರಾಹುವಿಗೆ 18, ಗುರುವಿಗೆ 16, ಶನಿಗೆ 19, ಬುಧನಿಗೆ 17, ಕೇತುವಿಗೆ 7, ಶುಕ್ರನಿಗೆ 20. ಎಲ್ಲಕ್ಕಿಂತ ದೊಡ್ಡ ಪಾಲು ಶುಭಗ್ರಹವಾದ ಶುಕ್ರನದು. ‘ಶುಕ್ರದೆಸೆ’ ಎಂಬ ಮಾತಿನ ಹಿಂದಿರುವುದು ಈ ಇಪ್ಪತ್ತು ವರ್ಷ.

ಲೆಕ್ಕ ಶುರುವಾಗುವುದು ಹುಟ್ಟಿದ ಹೊತ್ತಿನಲ್ಲಿ ಚಂದ್ರ ಯಾವ ನಕ್ಷತ್ರದಲ್ಲಿದ್ದ ಎಂಬಲ್ಲಿಂದ. ಕೃತ್ತಿಕೆಯಿಂದ ಆರಂಭಿಸಿ 27 ನಕ್ಷತ್ರಗಳನ್ನು ಒಂಬತ್ತು ಗ್ರಹಗಳಿಗೆ ಸರದಿಯ ಮೇಲೆ ಹಂಚಿಕೊಟ್ಟಿದೆ. ರೋಹಿಣಿ ಚಂದ್ರನ ಪಾಲು. ಚಂದ್ರ ರೋಹಿಣಿಯ ನಟ್ಟನಡುವೆ ಇದ್ದಾಗ ಹುಟ್ಟಿದ ಮಗುವಿಗೆ ಚಂದ್ರದಶೆಯ ಹತ್ತು ವರ್ಷದಲ್ಲಿ ಅರ್ಧ ಹೊಟ್ಟೆಯಲ್ಲೇ ಕಳೆದುಹೋಯಿತೆಂದು ಲೆಕ್ಕ. ಶಿಷ್ಟ ಐದು ವರ್ಷ. ಹನ್ನೆರಡು ತುಂಬುವಾಗ ಕುಜದಶೆ ಮುಗಿದು ರಾಹು ಹೊಕ್ಕುತ್ತಾನೆ, ಮೂವತ್ತಕ್ಕೆ ಗುರು, 46ಕ್ಕೆ ಶನಿ. ಹೀಗೇ ಎಣಿಸುತ್ತ ಹೋದರೆ ಈ ಜಾತಕನಿಗೆ ಶುಕ್ರದೆಸೆ ಆರಂಭವಾಗುವುದು 89ನೇ ವಯಸ್ಸಿಗೆ. ಕಾರು ಕೊಳ್ಳಲು ಸ್ವಲ್ಪ ತಡವೇ. ಪ್ರತಿ ದಶೆಯೊಳಗೂ ಮತ್ತೆ ಒಂಬತ್ತು ಭುಕ್ತಿಗಳು, ಅದೇ ಅನುಪಾತದಲ್ಲಿ. ಶುಕ್ರದಶೆಯಲ್ಲಿ ಶನಿಭುಕ್ತಿ ಎಂದರೆ ಮೂರು ವರ್ಷ ಎರಡು ತಿಂಗಳು. ನಂಬಿಕೆಯ ಮಾತು ಬದಿಗಿಟ್ಟು ನೋಡಿದರೂ ಈ ಲೆಕ್ಕದಲ್ಲಿ ಒಂದು ಅಚ್ಚುಕಟ್ಟಿದೆ. ಆಕಾಶದಲ್ಲಿ ಚಂದ್ರ ಇರುವ ಒಂದು ಬಿಂದುವಿನಿಂದ ಇಡೀ ಬದುಕಿನ ದಿನಚರಿಯನ್ನೇ ಅದು ಹೆಣೆದುಕೊಡುತ್ತದೆ. ಅದು ಇಷ್ಟು ಹಬ್ಬಿದ್ದೂ ಈ ಅಚ್ಚುಕಟ್ಟಿನಿಂದಲೇ ಇರಬೇಕು.

ಒಬ್ಬ ವ್ಯಾಖ್ಯಾನಕಾರನ ಪ್ರಾಮಾಣಿಕತೆ

ಆರನೇ ಶತಮಾನದಲ್ಲಿ ಉಜ್ಜಯಿನಿಯ ವರಾಹಮಿಹಿರ ‘ಬೃಹಜ್ಜಾತಕ’ ಬರೆದ. ಕಾಲದ ಬಗ್ಗೆ ಹೆಚ್ಚು ತಕರಾರಿಲ್ಲದ, ಒಬ್ಬನೇ ಬರೆದದ್ದೆಂದು ಓದಿದ ಕೂಡಲೇ ತಿಳಿಯುವ ಬಿಗಿಯಾದ ಕೃತಿ ಅದು. ಅಲ್ಲೂ ಆಯುಸ್ಸಿನ ಲೆಕ್ಕವಿದೆ. ಮನುಷ್ಯರಿಗೂ ಆನೆಗಳಿಗೂ ಪರಮಾಯುಸ್ಸು 120 ವರ್ಷ ಐದು ದಿನ ಎಂದು ಅವನು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ದಶೆಗಳೂ ಇವೆ. ಆದರೆ ವಿಂಶೋತ್ತರಿ ಇಲ್ಲ. ಅವನ ದಶೆಗಳು ಗ್ರಹಗಳ ಬಲ ಮತ್ತು ಸ್ಥಾನವನ್ನು ಹಿಡಿದು ನಡೆಯುತ್ತವೆ. ರಾಹು ಕೇತುಗಳಿಗೆ ಅಲ್ಲಿ ದಶೆಯೇ ಸಿಗುವುದಿಲ್ಲ. ಹಿಂದಿನ ಆಚಾರ್ಯರಲ್ಲಿ ಯಾರು ಏನು ಹೇಳಿದರು, ಯಾರ ಮಾತು ಸರಿ ಎಂದು ತೂಗಿ ನೋಡುವುದು ಅವನ ಅಭ್ಯಾಸ. ಅಂಥವನು ಜ್ಯೋತಿಷದ ಅತಿಮುಖ್ಯ ದಶೆಯನ್ನು ಒಂದು ಮಾತಿನಲ್ಲಾದರೂ ಪ್ರಸ್ತಾಪಿಸದೆ ಬಿಟ್ಟದ್ದೇಕೆ? ಅವನ ಕಾಲಕ್ಕೆ ಅದಿನ್ನೂ ಅತಿಮುಖ್ಯವಾಗಿರಲಿಲ್ಲ ಎಂಬುದೇ ನೇರ ಉತ್ತರ.

ಇನ್ನೂ ಗಟ್ಟಿಯಾದ ಸಾಕ್ಷಿ ಹತ್ತನೇ ಶತಮಾನದ್ದು. ಬೃಹಜ್ಜಾತಕಕ್ಕೆ ಹೆಸರಾಂತ ವ್ಯಾಖ್ಯಾನ ಬರೆದ ಭಟ್ಟೋತ್ಪಲ ತನ್ನ ಕಾಲದ ಅತಿ ದೊಡ್ಡ ಓದುಗ. ಎಷ್ಟೋ ಕಳೆದುಹೋದ ಗ್ರಂಥಗಳ ತುಣುಕುಗಳು ಇಂದು ನಮಗೆ ಸಿಗುವುದು ಅವನು ಉದ್ಧರಿಸಿದ್ದರಿಂದ. ಆಯುರ್ದಾಯದ ಅಧ್ಯಾಯದಲ್ಲಿ ವರಾಹಮಿಹಿರ ಹಿಂದಿನ ಆಚಾರ್ಯರನ್ನು ಎಣಿಸುವಾಗ ‘ಶಕ್ತಿಪೂರ್ವ’ ಎಂಬ ಹೆಸರು ಬರುತ್ತದೆ. ಶಕ್ತಿಯ ಮಗ, ಅಂದರೆ ಪರಾಶರ, ಎಂದು ಅರ್ಥ ಹೇಳಿದ ಉತ್ಪಲ ಜೊತೆಗೊಂದು ತಪ್ಪೊಪ್ಪಿಗೆಯನ್ನೂ ಸೇರಿಸುತ್ತಾನೆ. ಪರಾಶರನ ಸಂಹಿತೆಯನ್ನು ಮಾತ್ರ ತಾನು ನೋಡಿರುವುದಾಗಿಯೂ, ಜಾತಕಗ್ರಂಥ ತನ್ನ ಕಣ್ಣಿಗೆ ಬಿದ್ದಿಲ್ಲವೆಂದೂ, ಆತ ಜಾತಕವೂ ಸೇರಿದಂತೆ ಜ್ಯೋತಿಷದ ಮೂರೂ ಸ್ಕಂಧಗಳನ್ನು ಬರೆದಿದ್ದನೆಂಬ ಮಾತನ್ನು ಕೇಳಿರುವುದಾಗಿಯೂ ಹೇಳುತ್ತಾನೆ. ಕಾಣದ್ದನ್ನು ಕಂಡಂತೆ ಬರೆಯುವುದು ಅವನಿಗೆ ಕಷ್ಟವಾಗುತ್ತಿರಲಿಲ್ಲ. ಹಾಗೆ ಮಾಡದೆ ಹೋದದ್ದು ನಮ್ಮ ಪುಣ್ಯ.

ಇನ್ನೊಬ್ಬ ಪರಾಶರ

ಉತ್ಪಲ ನೋಡಿದ್ದ ಆ ಸಂಹಿತೆ ಎಂಥದ್ದು? ಅದು ಇಡಿಯಾಗಿ ಉಳಿದಿಲ್ಲ. ಉತ್ಪಲನ ವ್ಯಾಖ್ಯಾನದಲ್ಲೂ ಬಂಗಾಳದ ಬಲ್ಲಾಳಸೇನನ ‘ಅದ್ಭುತಸಾಗರ’ದಲ್ಲೂ ಚದುರಿದ್ದ ತುಣುಕುಗಳನ್ನು ಆಯ್ದು ಬೆಂಗಳೂರಿನ ವಿದ್ವಾಂಸ ಆರ್. ಎನ್. ಅಯ್ಯಂಗಾರ್ 2013ರಲ್ಲಿ ‘ಪರಾಶರತಂತ್ರ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅಲ್ಲಿ ಸಿಗುವ ಪರಾಶರ ಬೇರೆಯೇ ಮನುಷ್ಯ. ಅವನ ಮಾತು ಧೂಮಕೇತುಗಳದು, ಅಗಸ್ತ್ಯ ನಕ್ಷತ್ರದ ಉದಯದ್ದು, ಸೂರ್ಯ ಯಾವ ನಕ್ಷತ್ರದಿಂದ ಯಾವ ನಕ್ಷತ್ರದವರೆಗೆ ನಡೆದರೆ ಯಾವ ಋತು ಎಂಬುದರದು, ಮಳೆಯದು, ಉತ್ಪಾತಗಳದು. ನಾಡಿಗೂ ಬೆಳೆಗೂ ಏನಾದೀತೆಂದು ಕೇಳುವ ಶಾಸ್ತ್ರ ಅದು. ಒಬ್ಬ ವ್ಯಕ್ತಿಗೆ ಮದುವೆ ಯಾವಾಗ, ಕೆಲಸ ಯಾವಾಗ ಎಂದು ಕೇಳುವ ಜಾತಕದ ಗಾಳಿಯೇ ಅಲ್ಲಿ ಬೀಸುವುದಿಲ್ಲ.

ವೇದಕ್ಕೆ ನಿಜವಾಗಿ ಅಂಗವಾದ ಜ್ಯೋತಿಷದ ಗ್ರಂಥದಲ್ಲೂ ಇದೇ ಕಥೆ. ಲಗಧನ ಹೆಸರಿನಲ್ಲಿರುವ ‘ವೇದಾಂಗ ಜ್ಯೋತಿಷ’ದ ಋಗ್ವೇದ ಪಾಠದಲ್ಲಿ ಇರುವುದು ಬರೀ 36 ಶ್ಲೋಕ. ಐದು ವರ್ಷದ ಯುಗ, ಅದರಲ್ಲಿ 1,830 ದಿನ, 62 ಚಾಂದ್ರಮಾಸ. ಯಜ್ಞಕ್ಕೆ ತಿಥಿ ನಕ್ಷತ್ರ ಯಾವಾಗ ಕೂಡಿಬರುತ್ತದೆಂದು ತಿಳಿಯುವುದಷ್ಟೇ ಅದರ ಗುರಿ. ಮೇಷ ವೃಷಭಗಳ ರಾಶಿಚಕ್ರ, ವಾರ, ಲಗ್ನ, ಕುಂಡಲಿ, ಯಾವುದೂ ಅಲ್ಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ಪುಟ್ಟ ಕಗ್ಗಂಟಿನ ಗ್ರಂಥದ ಮೇಲೂ ಕೂತು 1936ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ್ದರು. ‘ವೈದಿಕ ಜ್ಯೋತಿಷ’ ಎಂದು ಇಂದು ಫಲಕ ಬರೆಸಿಕೊಂಡ ಅಂಗಡಿಗಳಲ್ಲಿ ಆ 36 ಶ್ಲೋಕಗಳಿಗೆ ಮಾಡಲು ಕೆಲಸವಿಲ್ಲ.

ಕೇಮದ್ರುಮ ಮರವಲ್ಲ

ಹಾಗಾದರೆ ರಾಶಿ, ಲಗ್ನ, ಭಾವಗಳು ಎಲ್ಲಿಂದ ಬಂದವು? ಪುಸ್ತಕದ ಹೆಸರಿನಲ್ಲೇ ಸುಳಿವಿದೆ. ‘ಹೋರಾ’ ಗ್ರೀಕರ ‘ಹೋರ’, ಹೊತ್ತು ಎಂದು ಅರ್ಥ. ಒಂದು, ನಾಲ್ಕು, ಏಳು, ಹತ್ತನೇ ಮನೆಗಳಿಗೆ ಹೇಳುವ ‘ಕೇಂದ್ರ’ ಅವರ ‘ಕೆಂತ್ರೊನ್’. ‘ಪಣಫರ’ವೂ ‘ಆಪೋಕ್ಲಿಮ’ವೂ ಅವರ ‘ಎಪನಫೊರ’ ಮತ್ತು ‘ಅಪೊಕ್ಲಿಮ’. ರಾಶಿಯನ್ನು ಮೂರು ಪಾಲು ಮಾಡುವ ‘ದ್ರೇಕ್ಕಾಣ’ ಅವರ ‘ದೆಕಾನೊಸ್’. ಚಂದ್ರನ ಅಕ್ಕಪಕ್ಕದ ಮನೆಗಳು ಖಾಲಿಯಿದ್ದರೆ ದಾರಿದ್ರ್ಯ ತಪ್ಪದೆಂದು ಹೆದರಿಸುವ ‘ಕೇಮದ್ರುಮ’ ಯೋಗದಲ್ಲಿ ಯಾವ ದ್ರುಮವೂ ಇಲ್ಲ, ಯಾವ ಮರವೂ ಇಲ್ಲ; ಅದು ‘ಕೆನೊದ್ರೊಮೊಸ್’, ಬರಿದಾದ ಓಟ. ವರಾಹಮಿಹಿರನಂತೂ ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ, ಸಿಂಹಕ್ಕೆ ಲೇಯ ಎಂದು ಗ್ರೀಕ್ ಹೆಸರುಗಳನ್ನೇ ಪಟ್ಟಿ ಮಾಡಿಕೊಡುತ್ತಾನೆ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆನಿಂತಿರುವುದರಿಂದ ಋಷಿಗಳಂತೆ ಪೂಜ್ಯರು ಎಂಬ ಮಾತು ಅವನ ‘ಬೃಹತ್ಸಂಹಿತೆ’ಯಲ್ಲಿದೆ. ಸಾಲ ತಂದದ್ದನ್ನು ಒಪ್ಪಿಕೊಳ್ಳಲು ಆ ಕಾಲದ ವಿದ್ವಾಂಸನಿಗೆ ಸಂಕೋಚವಿರಲಿಲ್ಲ. ಸಂಕೋಚ ಈಚಿನವರದು.

ಪದಗಳು ಇಲ್ಲಿಂದಲೇ ಅಲ್ಲಿಗೆ ಹೋಗಿರಬಾರದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಪದಗಳ ಬೇರಿನಲ್ಲಿದೆ. ಅಪೊಕ್ಲಿಮ ಎಂದರೆ ಗ್ರೀಕಿನಲ್ಲಿ ಇಳಿತ, ಎಪನಫೊರ ಎಂದರೆ ಹಿಂದೆಯೇ ಏರಿಬರುವುದು. ಮನೆಗಳ ಸ್ಥಾನಕ್ಕೆ ಆ ಅರ್ಥ ಹೊಂದುತ್ತದೆ. ಸಂಸ್ಕೃತದಲ್ಲಿ ಈ ಶಬ್ದಗಳಿಗೆ ಧಾತುವೇ ಇಲ್ಲ. ಹೋರಾ ಎಂಬುದು ‘ಅಹೋರಾತ್ರ’ದ ತಲೆ ಬಾಲ ಕತ್ತರಿಸಿದ ರೂಪ ಎಂಬ ವಿವರಣೆಯನ್ನು ವರಾಹಮಿಹಿರನೇ ಕೊಡುತ್ತಾನಾದರೂ, ಕೆಲವರ ಅಭಿಪ್ರಾಯ ಎಂದು ಅವರ ತಲೆಗೇ ಕಟ್ಟಿ ತಾನು ಜಾರಿಕೊಳ್ಳುತ್ತಾನೆ. ಶಾಸನಗಳನ್ನು ನೋಡಿದರೂ, ನಮ್ಮಲ್ಲಿ ವಾರದ ಹೆಸರು ಕಾಣಿಸುವ ಅತಿ ಹಳೆಯ ಶಾಸನ ಮಧ್ಯಪ್ರದೇಶದ ಏರಣ್‌ನಲ್ಲಿರುವ ಬುಧಗುಪ್ತನ ಕಾಲದ್ದು, ಕ್ರಿ.ಶ. 484ರದು. ಅಂದು ಗುರುವಾರ. ವೇದಕಾಲದಿಂದಲೇ ವಾರಗಳಿದ್ದರೆ ಅಷ್ಟು ಶತಮಾನ ಒಬ್ಬ ದಾನಿಯೂ ತಾನು ದಾನ ಕೊಟ್ಟ ವಾರವನ್ನು ಕಲ್ಲಿನಲ್ಲಿ ಬರೆಸಲಿಲ್ಲವೇ? ಮೊಟ್ಟಮೊದಲ ಯವನ ಜಾತಕಗ್ರಂಥ ಸಂಸ್ಕೃತಕ್ಕೆ ಯಾವಾಗ ಬಂತೆಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಜಗಳ ಮುಗಿದಿಲ್ಲ. ಸ್ಫುಜಿಧ್ವಜನ ‘ಯವನಜಾತಕ’ವನ್ನು ಅಮೆರಿಕದ ಡೇವಿಡ್ ಪಿಂಗ್ರೀ ಮೂರನೇ ಶತಮಾನದ್ದೆಂದರೆ, ನೇಪಾಳದ ಹಸ್ತಪ್ರತಿಗಳನ್ನು ಮತ್ತೆ ಓದಿದ ಬಿಲ್ ಮಾಕ್ ಆ ಲೆಕ್ಕವೇ ತಪ್ಪೆಂದು ತೋರಿಸಿದರು.

ಇಷ್ಟು ಹೇಳಿ, ಎಲ್ಲವೂ ಯವನರದೇ ಎಂದು ಕೈತೊಳೆದುಕೊಂಡರೆ ಅದೂ ಸುಳ್ಳಾಗುತ್ತದೆ. ನಕ್ಷತ್ರಗಳು ವೇದದಿಂದ ಬಂದವು. ಚಂದ್ರನ ನಕ್ಷತ್ರದಿಂದ ದಶೆ ಎಣಿಸುವ ಕ್ರಮ ಗ್ರೀಕರಲ್ಲಿ ಇಲ್ಲ. ಅದು ಇಲ್ಲಿಯೇ ಹುಟ್ಟಿದ್ದು. ವಿಚಿತ್ರವೆಂದರೆ ಪರಾಶರ ಹೋರೆಯಲ್ಲಿ ಅಪ್ಪಟ ನಮ್ಮದಾದದ್ದು ಅದರ ಅತಿ ಹಳೆಯ ಭಾಗವಲ್ಲ, ವರಾಹಮಿಹಿರನ ನಂತರ ಮುನ್ನೆಲೆಗೆ ಬಂದ ಭಾಗ.

ಕೇರಳದ ಆಕ್ಷೇಪ

ಈ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪ ಒಂದಿದೆ. ಉತ್ಪಲ ಕಾಶ್ಮೀರದವನು. ಅವನ ಕೈಗೆ ಸಿಗದ್ದು ಲೋಕದಲ್ಲೇ ಇರಲಿಲ್ಲ ಎನ್ನಲಾಗದು. ಅವನಿಗಿಂತ ಒಂದು ಶತಮಾನ ಮೊದಲೇ, ಸುಮಾರು 850ರಲ್ಲಿ, ಕೇರಳದ ಗೋವಿಂದಸ್ವಾಮಿ ಪರಾಶರ ಹೋರೆಯ ಉತ್ತರಭಾಗಕ್ಕೆ ವ್ಯಾಖ್ಯಾನ ಬರೆದಿದ್ದ ಎಂದು ಪಿಂಗ್ರೀಯವರೇ ಗುರುತಿಸುತ್ತಾರೆ. ಆದ್ದರಿಂದ ಉತ್ಪಲನ ತಪ್ಪೊಪ್ಪಿಗೆಯೊಂದನ್ನೇ ನೆಚ್ಚಿ ಪುಸ್ತಕವನ್ನು ಹತ್ತನೇ ಶತಮಾನದ ಈಚೆಗೆ ಎಳೆಯಲು ಬಾರದು. ಪಿಂಗ್ರೀ ಅದರ ಮುಖ್ಯಭಾಗಗಳನ್ನು ಸುಮಾರು ಕ್ರಿ.ಶ. 600ರಿಂದ 800ರ ನಡುವೆ ಇಡುವುದೂ ಇದೇ ಕಾರಣಕ್ಕೆ. ಆಕ್ಷೇಪವನ್ನು ಪೂರ್ತಿ ಒಪ್ಪಿದರೂ ಸಿಗುವುದು ಇಷ್ಟೇ: ದಕ್ಷಿಣದಲ್ಲಿ ಗೊತ್ತಿದ್ದು ಕಾಶ್ಮೀರಕ್ಕೆ ಇನ್ನೂ ಮುಟ್ಟದ ಒಂದು ಪುಸ್ತಕ, ವರಾಹಮಿಹಿರನ ಈಚೆಯದು. ಸಾವಿರಾರು ವರ್ಷದಿಂದ ದೇಶಕ್ಕೆಲ್ಲ ಮೂಲವಾಗಿದ್ದ ಗ್ರಂಥ ಹೀಗೆ ಒಂದು ಸೀಮೆಯಲ್ಲಿ ಅಡಗಿ ಕೂರುವುದಿಲ್ಲ.

ಒಳಗಿನ ಗುರುತುಗಳೂ ಅದೇ ಕಾಲದತ್ತ ಬೆರಳು ಮಾಡುತ್ತವೆ. ಆರಂಭದ ಅಧ್ಯಾಯವೊಂದರಲ್ಲಿ ಗ್ರಹಗಳಿಂದ ವಿಷ್ಣುವಿನ ಅವತಾರಗಳು ಬಂದವೆಂದು ಹೇಳಿದೆ. ರವಿಯಿಂದ ರಾಮ, ಚಂದ್ರನಿಂದ ಕೃಷ್ಣ, ಕುಜನಿಂದ ನರಸಿಂಹ, ಬುಧನಿಂದ ಬುದ್ಧ. ಬುದ್ಧನನ್ನು ವಿಷ್ಣುವಿನ ಅವತಾರವೆಂದು ಒಳಗೆ ಕರೆದುಕೊಂಡದ್ದು ಪುರಾಣಗಳ ಕಾಲದಲ್ಲಿ; ವೇದದ ಋಷಿಯ ಬಾಯಲ್ಲಿ ಆ ಮಾತು ಬರಲು ಸಾಧ್ಯವಿಲ್ಲ. ಇದು ಆಮೇಲೆ ಸೇರಿದ ಪ್ರಕ್ಷಿಪ್ತ ಎನ್ನಬಹುದು. ಆದರೆ ಅವತಾರಗಳ ಅಧ್ಯಾಯ ಪ್ರಕ್ಷಿಪ್ತ, ರಾಶಿಗಳ ಭಾಗ ಪ್ರಕ್ಷಿಪ್ತ, ವಾರಗಳ ಪ್ರಸ್ತಾಪ ಪ್ರಕ್ಷಿಪ್ತ ಎಂದು ಒಂದೊಂದೇ ಕಿತ್ತುಹಾಕುತ್ತ ಬಂದರೆ ಕೊನೆಗೆ ಕೈಯಲ್ಲಿ ಉಳಿಯುವುದು ಈರುಳ್ಳಿಯ ನಾತ ಮಾತ್ರ.

ಪರಾಶರರ ಹೆಸರೇ ಏಕೆ?

ಹಾಗೆಂದು ಯಾರೋ ಕುಳಿತು ಖೋಟಾ ಪುಸ್ತಕ ಸೃಷ್ಟಿಸಿದರು ಎಂದು ತಿಳಿಯಬೇಕಿಲ್ಲ. ನಮ್ಮಲ್ಲಿ ಹೊಸ ಮಾತನ್ನು ಹಳೆಯ ಋಷಿಯ ಬಾಯಲ್ಲಿಡುವುದು ಮೋಸ ಅನ್ನಿಸಿಕೊಳ್ಳುತ್ತಿರಲಿಲ್ಲ. ತನ್ನ ಹೆಸರು ಬರೆಯದಿರುವುದೇ ವಿನಯವಾಗಿತ್ತು. ಪರಾಶರ–ಮೈತ್ರೇಯರ ಜೋಡಿ ವಿಷ್ಣುಪುರಾಣದಲ್ಲಿ ಮೊದಲೇ ಇತ್ತು. ಕೃಷಿಯ ಬಗ್ಗೆ ಒಂದು ‘ಕೃಷಿಪರಾಶರ’, ಧರ್ಮಕ್ಕೆ ಒಂದು ‘ಪರಾಶರಸ್ಮೃತಿ’. ಆ ಸ್ಮೃತಿ ಕಲಿಯುಗಕ್ಕೆಂದೇ ಹೇಳಿದ್ದು ಎಂಬ ಪ್ರತೀತಿಯಿದ್ದುದರಿಂದ 14ನೇ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಅದನ್ನೇ ಆರಿಸಿಕೊಂಡು ‘ಪರಾಶರಮಾಧವೀಯ’ ಬರೆದರು. ಹೋರಾಶಾಸ್ತ್ರವೂ ಕಲಿಯುಗದ ಜನರಿಗೆ ವಿಂಶೋತ್ತರಿಯೇ ಸರಿಯಾದ ದಶೆ ಎನ್ನುತ್ತದೆ. ಕಲಿಯುಗದ ಕಷ್ಟಕ್ಕೆ ಕೇಳಬೇಕಾದ ಋಷಿ ಪರಾಶರ ಎಂಬ ಭಾವನೆ ಊರಿದ್ದ ಕಾಲದಲ್ಲಿ ಜ್ಯೋತಿಷದ ಸಂಗ್ರಹಕ್ಕೆ ಇನ್ನಾರ ಹೆಸರು ಇಡಬೇಕಿತ್ತು? ಎಲ್ಲರೂ ಹೆಸರು ಮುಚ್ಚಿಟ್ಟವರಲ್ಲ, ಅದೂ ನಿಜ. ಕನ್ನಡದಲ್ಲಿ 1049ರಲ್ಲಿ ಚಾಲುಕ್ಯ ಆಹವಮಲ್ಲನ ಕಾಲದ ಶ್ರೀಧರಾಚಾರ್ಯ ತನ್ನ ಹೆಸರಿನಲ್ಲೇ ‘ಜಾತಕತಿಲಕ’ ಬರೆದ.

ಸಂಗ್ರಹ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ವಿಂಶೋತ್ತರಿಯ ಪಕ್ಕದಲ್ಲೇ 108 ವರ್ಷದ ಅಷ್ಟೋತ್ತರಿ, ಕಾಲಚಕ್ರ, ಯೋಗಿನೀ ಎಂದು ಒಂದಕ್ಕೊಂದು ತಾಳೆಯಾಗದ ಎಷ್ಟೋ ದಶೆಗಳು ಇದರಲ್ಲಿವೆ. ಜೈಮಿನಿಯ ಪಂಥದ ಆತ್ಮಕಾರಕವೂ ಇಲ್ಲಿ ಬಂದು ಕೂತಿದೆ. ಒಬ್ಬನೇ ಗುರು ಒಂದೇ ಬದುಕಿಗೆ ಇಷ್ಟು ಬೇರೆಬೇರೆ ವೇಳಾಪಟ್ಟಿ ಕೊಡುವುದಿಲ್ಲ. ಬೇರೆಬೇರೆ ಮನೆತನಗಳು ಕಾಪಾಡಿಕೊಂಡು ಬಂದ ಪಾಠಗಳನ್ನು ಯಾವುದನ್ನೂ ಬಿಡಲು ಮನಸ್ಸಾಗದೆ ಒಂದೇ ಗೂಡಿಗೆ ತಂದಿಟ್ಟ ಸಂಪಾದಕನೊಬ್ಬನ, ಅಥವಾ ಸಂಪಾದಕರ ಸಾಲಿನ, ಕೈ ಇಲ್ಲಿ ಕಾಣುತ್ತದೆ. ಪುಸ್ತಕದ ನಿಜವಾದ ಬೆಲೆಯೂ ಅಲ್ಲಿಯೇ ಇದೆ ಎಂದು ನನ್ನ ಎಣಿಕೆ. ವೇದಕಾಲದ ಉಪದೇಶವೆಂದು ಓದಿದರೆ ಗೊಂದಲವಾಗಿ ತೋರುವುದು, ಮಧ್ಯಕಾಲದ ವಿಶ್ವಕೋಶವೆಂದು ಓದಿದರೆ ಸಂಪತ್ತಾಗುತ್ತದೆ.

ಈಚೆಯದೆಂದ ಮಾತ್ರಕ್ಕೆ ಸುಳ್ಳು, ಹಳೆಯದೆಂದ ಮಾತ್ರಕ್ಕೆ ನಿಜ ಎಂಬ ತೀರ್ಪು ಇದರಿಂದ ಹೊರಡುವುದಿಲ್ಲ. ಜಾತಕ ಫಲಿಸುತ್ತದೆಯೇ ಎಂಬುದು ಬೇರೆಯೇ ಪರೀಕ್ಷೆ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ 2008ರಲ್ಲಿ ಅದನ್ನು ನಡೆಸಿದಾಗ, ಜಾಣ ಮಕ್ಕಳ ಜಾತಕ ಯಾವುದು, ಬುದ್ಧಿಮಾಂದ್ಯ ಮಕ್ಕಳದು ಯಾವುದು ಎಂದು ಬೇರ್ಪಡಿಸುವಲ್ಲಿ ಜ್ಯೋತಿಷಿಗಳು ನಾಣ್ಯ ಚಿಮ್ಮಿ ಹೇಳುವವರಿಗಿಂತ ಮೇಲೆ ಹೋಗಲಿಲ್ಲ. ಲೆಕ್ಕದ ಒಳಗಿನ ತಕರಾರುಗಳೂ ಸಣ್ಣವಲ್ಲ. ಸರ್ಕಾರದ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಒಪ್ಪಿದ ಅಯನಾಂಶಕ್ಕೂ (ರಾಶಿಚಕ್ರ ಎಲ್ಲಿಂದ ಶುರುವೆಂದು ಗೊತ್ತುಮಾಡುವ ಅಳತೆ) ಬೆಂಗಳೂರಿನ ಬಿ. ವಿ. ರಾಮನ್ ಹಿಡಿದಿದ್ದ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಶುಕ್ರದಶೆಯಲ್ಲಿ ಹುಟ್ಟಿದವನಿಗೆ ಅಷ್ಟರಿಂದಲೇ ಎರಡು ವರ್ಷಕ್ಕೂ ಮೀರಿ ದಶೆ ಆಚೀಚೆ ಸರಿಯುತ್ತದೆ. ಅಂದಹಾಗೆ, ಇಂಗ್ಲಿಷ್ ಓದುಗರಿಗೆ ಈ ಶಾಸ್ತ್ರವನ್ನು ಮುಟ್ಟಿಸಿದ ರಾಮನ್ ತಮ್ಮ ಹೆಸರಾಂತ ಪುಸ್ತಕದ ಶೀರ್ಷಿಕೆಯಲ್ಲಿ ಬಳಸಿದ ಪದ ‘ಹಿಂದೂ’; ‘ವೇದಿಕ್’ ಎಂಬ ಲೇಬಲ್ ಪೇಟೆಗೆ ಬಂದದ್ದು ಬಹಳ ಈಚೆಗೆ.

ಯಾವ ಪ್ರತಿ?

ಇಂದು ಕೈಗೆ ಸಿಗುವ ಪರಾಶರ ಹೋರೆ ಅಚ್ಚಿನ ಮನೆಯ ಕೂಸು. ಮುಂಬಯಿಯಲ್ಲಿ 20ನೇ ಶತಮಾನದ ಆರಂಭಕ್ಕೆ ಬಂದ ಮುದ್ರಣದಲ್ಲಿ ಪೂರ್ವಖಂಡ, ಉತ್ತರಖಂಡ ಎಂಬ ಎರಡು ಭಾಗಗಳಿವೆ. ಕಾಶಿಯಲ್ಲಿ ಸೀತಾರಾಮ ಝಾ ಪ್ರಕಟಿಸಿದ್ದರಲ್ಲಿ 97 ಅಧ್ಯಾಯಗಳು, ಅನುಕ್ರಮ ಬೇರೆ. ಆರ್. ಸಂತಾನಂ ಅವರ ಇಂಗ್ಲಿಷ್ ಅನುವಾದ 1980ರ ದಶಕದಲ್ಲಿ ಹೊರಬಂದು ಅಮೆರಿಕ, ಯೂರೋಪುಗಳಿಗೂ ಹೋಯಿತು. ಈಗ ಮೊಬೈಲಿನಲ್ಲಿ ಹುಟ್ಟಿದ ಹೊತ್ತು ಒತ್ತಿದರೆ ಮೊದಲು ತೆರೆದುಕೊಳ್ಳುವುದು ವಿಂಶೋತ್ತರಿ, ಉಳಿದ ದಶೆಗಳನ್ನು ಹುಡುಕಿ ತೆಗೆಯಬೇಕು. ಮಹಾಭಾರತಕ್ಕೆ ಪುಣೆಯ ಭಂಡಾರಕರ್ ಸಂಸ್ಥೆ ದಶಕಗಟ್ಟಲೆ ಕುಳಿತು ಮಾಡಿದಂತೆ, ಓಲೆಗರಿಗಳನ್ನೆಲ್ಲ ಒಟ್ಟಿಗಿಟ್ಟು ಯಾವ ಶ್ಲೋಕ ಯಾವ ಸೀಮೆಯ ಪ್ರತಿಯಲ್ಲಿದೆ, ಯಾವುದರಲ್ಲಿ ಇಲ್ಲ ಎಂದು ಅಡಿಟಿಪ್ಪಣಿ ಹಾಕುವ ಕೆಲಸ ಈ ಪುಸ್ತಕಕ್ಕೆ ಆಗಬೇಕಾಗಿದೆ. ಅಲ್ಲಿಯವರೆಗೆ ಪರಾಶರರು ಹೇಳಿದ್ದಾರೆ ಎಂದಾಗ, ಮುಂಬಯಿ ಪ್ರತಿಯಲ್ಲೋ ಕಾಶಿ ಪ್ರತಿಯಲ್ಲೋ ಎಂದು ಕೇಳಬಹುದು. ಚಾಪೆಯ ಸುತ್ತ ಕೂತವರಲ್ಲಿ ಹಾಗೆ ಕೇಳುವವರಿಲ್ಲ. ಅವರಿಗೆ ಬೇಕಾದದ್ದು ಗುರುದೆಸೆ ಎಂದು ಹೊಕ್ಕುತ್ತದೆ ಎಂಬುದಷ್ಟೇ.